ವ್ಯಸನ

ಗಾಂಜಾ ಸೇದುವ ಹುಡುಗನಿಗೆ ಮನೆಯವರು ‘ಚಟ’ ಅಂಟಿತು ಎನ್ನುತ್ತಾರೆ; ಪತ್ರಿಕೆಗಳು ‘ಮಾದಕ ವ್ಯಸನಿ’ ಎಂದು ಬರೆಯುತ್ತವೆ. ಎರಡನೆಯದೇ ಸರಿಯಾದ ಮಾತು. ‘ವಿ’ ಉಪಸರ್ಗಕ್ಕೆ ಎಸೆಯುವುದೆಂಬ ಅರ್ಥದ ‘ಅಸ್’ ಧಾತು ಸೇರಿ ವ್ಯಸನವಾಗಿದೆ: ಮನುಷ್ಯನನ್ನು ಒಳಿತಿನಿಂದ ಆಚೆಗೆ ಎಸೆಯುವಂಥದ್ದು. ಕೌಟಿಲ್ಯನ ಅರ್ಥಶಾಸ್ತ್ರದ 8ನೆಯ ಅಧಿಕರಣವಿಡೀ ವ್ಯಸನಗಳದ್ದೇ. ಅಲ್ಲಿ ಜೂಜು, ಕುಡಿತಗಳ ಜೊತೆಗೆ ನೆರೆ, ಬರ, ರೋಗಗಳೂ ಬರುತ್ತವೆ. ಜೈನರ ಸಪ್ತವ್ಯಸನಗಳಲ್ಲಿ ಉಳಿದದ್ದು ದೋಷದ ಅರ್ಥವಷ್ಟೇ. ಆದರೆ ‘ವ್ಯಸನಪಡು’ ಎನ್ನುವಾಗ ಕನ್ನಡ ಈಗಲೂ ದುಃಖವನ್ನೇ ಹೇಳುತ್ತದೆ. ಒಂದೇ ಪದದಲ್ಲಿ ದೋಷವೂ ವಿಪತ್ತೂ ಸೇರಿರುವುದು ನಿಘಂಟುಕಾರರಿಗೆ ತಲೆನೋವು, ನಮಗೆ ಲಾಭ.

ವ್ಯಸನವನ್ನು ವಿಪತ್ತೆಂದರೆ ತಪ್ಪಿಗೆ ವಿನಾಯಿತಿ ಕೊಟ್ಟಂತಲ್ಲವೇ ಎಂಬ ಆಕ್ಷೇಪ ಸಹಜ. 1985ರ ಮಾದಕ ವಸ್ತು ಕಾಯ್ದೆಯನ್ನೇ ನೋಡಬಹುದು. ಅದು ಸೇವನೆಯನ್ನೂ ಅಪರಾಧವೆನ್ನುತ್ತದೆ. ಆದರೂ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ 64ಎ ಕಲಂ ಅವನನ್ನು ಮೊಕದ್ದಮೆಯಿಂದ ಬಿಡಿಸುತ್ತದೆ. ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆ ಹೋಗಬಹುದು. 20 ಕಿಲೋ ಮೀರಿ ಗಾಂಜಾ ಸಾಗಿಸುವವನಿಗೆ ಕನಿಷ್ಠ 10 ವರ್ಷ ಜೈಲು. ಅವನದು ವ್ಯಸನವಲ್ಲ, ದಂಧೆ. ಶಿಕ್ಷೆಯ ಭಯವೇ ಹುಡುಗರನ್ನು ತಡೆಯುತ್ತದೆ ಎನ್ನುವವರೂ ಇದ್ದಾರೆ. ಮೊದಲ ಸಲಕ್ಕೆ ತಡೆದೀತು. ಅಂಟಿದ ಮೇಲೆ ಅದೇ ಭಯ ಅವರನ್ನು ವೈದ್ಯರಿಂದಲೂ ಬಚ್ಚಿಡುತ್ತದೆ. ಜೆ.ಪಿ. ನಗರದ ಪೋಷಕರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೂರವೇನಲ್ಲ: ಬನ್ನೇರುಘಟ್ಟ ರಸ್ತೆ ಹಿಡಿದು ಡೇರಿ ವೃತ್ತ ದಾಟಿದರೆ ಬಂತು. ‘ಚಟ’ ಎಂದುಕೊಂಡವರು ಬೈದು ಕೂರುತ್ತಾರೆ, ಆ ದಾರಿ ಹಿಡಿಯುವುದಿಲ್ಲ.