ಲಕ್ಷ್ಮಮ್ಮ

ಮಾಗಡಿ ಕೆಂಪೇಗೌಡರ ಮನೆತನದ ಸೊಸೆ. ಬೆಂಗಳೂರು ಕೋಟೆಗಾಗಿ ಪ್ರಾಣ ಕೊಟ್ಟವರೆಂದು ಐತಿಹ್ಯಗಳಲ್ಲಿ ಪ್ರಸಿದ್ಧರು. ಸ್ಮಾರಕ ಕೋರಮಂಗಲದಲ್ಲಿದೆ.

1537ರಲ್ಲಿ ಹಿರಿಯ ಕೆಂಪೇಗೌಡರು ಕಟ್ಟಿಸತೊಡಗಿದ ಕೋಟೆಯ ಹೆಬ್ಬಾಗಿಲು ನಿಲ್ಲದೆ ಕುಸಿಯುತ್ತಿತ್ತಂತೆ. ಗರ್ಭಿಣಿಯ ಬಲಿ ಬೇಕೆಂಬ ಮಾತು ಬಂದಾಗ ಗೌಡರು ಒಪ್ಪಲಿಲ್ಲ. ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬರೇ ಹೋಗಿ ತಮ್ಮ ಕೊರಳನ್ನು ತಾವೇ ಕತ್ತರಿಸಿಕೊಂಡರು ಎನ್ನುತ್ತದೆ ಕಥೆ.

ಇದನ್ನು ಸ್ವಂತ ಇಚ್ಛೆ ಎನ್ನಬಹುದೇ? ಮಾವನ ಮಾನ, ಊರಿನ ಭವಿಷ್ಯ ಎರಡೂ ತನ್ನ ಸಾವನ್ನೇ ಕಾಯುತ್ತಿವೆ ಎಂದು ನಂಬಿದ ಹೆಣ್ಣಿಗೆ ‘ಒಲ್ಲೆ’ ಎನ್ನಲು ಎಡೆಯೇ ಇರಲಿಲ್ಲ. ಕಾಲವೇ ಹಾಗಿತ್ತು ಎಂಬ ಸಮರ್ಥನೆಯೂ ಸಲ್ಲದು: ನರಬಲಿ ತಪ್ಪೆಂಬ ಅರಿವು ಕಥೆಯೊಳಗಿನ ಕೆಂಪೇಗೌಡರಿಗೇ ಇದೆ.

ಮೊರಸು ಒಕ್ಕಲಿಗ ಹೆಂಗಸರ ಬೆರಳು ಕತ್ತರಿಸುವ ಪದ್ಧತಿಯನ್ನು ನಿಲ್ಲಿಸಿದವರೂ ಅವರೇ ಎಂಬ ಪ್ರತೀತಿಯಿದೆ.