ಹೊಗೆಸೊಪ್ಪಿನ ಎಲೆಯೊಳಗಿನ ಹಾದಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಕೃಷಿ ತಜ್ಞರು ಎರಡು ವೈರಸ್ ರೋಗಗಳಿಗೆ ಎರಡು ಬೇರೆ ಕಟ್ಟುನಿಟ್ಟು ಹೇಳುತ್ತಾರೆ. ಎಲೆಯ ಮೇಲೆ ಹಸಿರು, ಹಳದಿ ಮಚ್ಚೆ ಎಬ್ಬಿಸುವ ಮೊಸಾಯಿಕ್ ಬರೀ ಸ್ಪರ್ಶದಿಂದಲೇ ಹಬ್ಬುತ್ತದೆ. ಹಾಗಾಗಿ ಸಸಿಮಡಿ ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು, ಅಲ್ಲಿ ಬೀಡಿ ಸೇದಬಾರದು. ಎಲೆ ಮುರುಟು ರೋಗಕ್ಕೆ ಈ ಶಿಸ್ತು ನಾಟುವುದಿಲ್ಲ. ಅದನ್ನು ಹೊತ್ತು ತರುವುದು ಬಿಳಿ ನೊಣ. ಕೈ ಎಷ್ಟೇ ತೊಳೆದರೂ ನೊಣ ಬಂದೇ ಬರುತ್ತದೆ.

ಗಿಡದೊಳಗೂ ಈ ಎರಡರ ನಡತೆ ಬೇರೆ. ಮೊಸಾಯಿಕ್ ವೈರಸ್ ಕೋಶದ ದ್ರವದಲ್ಲೇ ತನ್ನ ಸಂಸಾರ ಮುಗಿಸಿಕೊಳ್ಳುತ್ತದೆ. ಎಲೆ ಮುರುಟಿನ ವೈರಸ್ಸಿನದು ಡಿಎನ್ಎ. ಅದು ಎಲೆಯ ನಾಳಗಳ ಕೋಶಕ್ಕೆ ಇಳಿದು, ಅಲ್ಲಿಂದ ಕೋಶಕೇಂದ್ರದ ಒಳಕ್ಕೆ ಹೋಗಲೇಬೇಕು. ಅಲ್ಲಿ ಗಿಡದ ಸ್ವಂತ ಕಿಣ್ವಗಳನ್ನು ದುಡಿಸಿಕೊಂಡರೆ ಮಾತ್ರ ಅದರ ಸಂತತಿ ಬೆಳೆಯುತ್ತದೆ. ಒಳಗೆ ಹೋಗುವುದು ಹೇಗೆ ಎಂಬ ಪ್ರಶ್ನೆಯ ಇತಿಹಾಸಕ್ಕೂ ಹೊಗೆಸೊಪ್ಪಿಗೂ ಗಾಢವಾದ ನಂಟಿದೆ.

ಮೊದಲು ಗಿಡದ ಕಥೆ. ಅದು ಅಮೆರಿಕದ್ದು, ಪೋರ್ಚುಗೀಸರ ಹಡಗುಗಳ ಜೊತೆ ಬಂದದ್ದು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಕಂಡದ್ದು ನಮ್ಮ ವಿಜಯಪುರದಲ್ಲಿ. ಅಲ್ಲಿಂದಲೇ ಬಾದಶಹನಿಗೆ ಒಯ್ದು ಒಪ್ಪಿಸಿದ. ಸಿಗರೇಟಿಗೆ ಬೇಕಾದ ವರ್ಜೀನಿಯಾ ತಳಿ ಮೈಸೂರು ಸೀಮೆಯಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕೆ.ಆರ್. ನಗರದ ಕಾವೇರಿ ನಾಲೆಯ ಬಯಲು ಭತ್ತಕ್ಕೆ ಹೇಳಿದ್ದು; ಮಳೆಯನ್ನೇ ನಂಬಿದ ಹುಣಸೂರು, ಪಿರಿಯಾಪಟ್ಟಣದ ಹಗುರ ಕೆಂಪು ಮಣ್ಣು ವರ್ಜೀನಿಯಾಕ್ಕೆ ಒಗ್ಗಿತು. ಬೇಸಿಗೆಯಲ್ಲಿ ಸಸಿ ಬೆಳೆಸಿ, ಮೇ ತಿಂಗಳ ಮಳೆಗೆ ನಾಟಿ ಹಾಕಿ, ಬಲಿತ ಎಲೆಯನ್ನು ಮುರಿದು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಬೇಯಿಸುವುದು ಇಲ್ಲಿನ ವರ್ಷದ ನಡೆ. ಕಡ್ಡಿಗೆ ಪೋಣಿಸಿದ ಹಸಿ ಎಲೆ ಸೌದೆಯ ಬಿಸಿಗೆ ಐದಾರು ದಿನದಲ್ಲಿ ನಿಂಬೆಹಳದಿಗೆ ತಿರುಗಬೇಕು. ಬೆಲೆ ನಿಂತಿರುವುದು ಆ ಬಣ್ಣದ ಮೇಲೆ. ಮುರುಟಿ ದಪ್ಪಗಾದ ಎಲೆ ಆ ಬಣ್ಣಕ್ಕೆ ಬರುವುದು ಕಷ್ಟ.

1947ರಲ್ಲಿ ರಾಜಮಂಡ್ರಿಯಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದರ ಒಂದು ಕೇಂದ್ರ ಹುಣಸೂರಿನಲ್ಲಿ ನೆಲೆಯೂರಿತು. 1976ರ ಜನವರಿ 1ರಂದು ತಂಬಾಕು ಮಂಡಳಿ ಹುಟ್ಟಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾದ ಮೇಲೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಊರುಗಳ ಹೆಸರು ಸಿಗರೇಟು ಕಂಪನಿಗಳ ಲೆಕ್ಕದ ಪುಸ್ತಕ ಸೇರಿದವು.

ರೋಗದ ಚರಿತ್ರೆ ಇದಕ್ಕಿಂತ ಹಳೆಯದು. 1889ರಲ್ಲಿ ಗೆನ್ನಾಡಿಯಸ್ ಬಿಳಿ ನೊಣವನ್ನು ಮೊದಲು ವಿವರಿಸಿದ್ದೇ ಗ್ರೀಸಿನ ಹೊಗೆಸೊಪ್ಪಿನ ಗಿಡದ ಮೇಲೆ ಕಂಡು. 1930ರ ದಶಕದಲ್ಲಿ ಎಚ್.ಎಚ್. ಸ್ಟೋರಿ ಆಫ್ರಿಕಾದಲ್ಲಿ ಎಲೆ ಮುರುಟನ್ನು ಈ ನೊಣಕ್ಕೆ ತಳುಕು ಹಾಕಿದರು. ಅದರ ಬೆನ್ನಿಗೇ ಉತ್ತರ ಭಾರತದ ಬೆಳೆಯನ್ನು ಹಿಡಿದು ಪ್ರೂತಿ ಮತ್ತು ಸ್ಯಾಮ್ಯುಯೆಲ್ ವರ್ಷಗಟ್ಟಲೆ ಶೋಧಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಅವರು ಜಿ.ಬಿ. ವಾಲಂದ್ ಜೊತೆಗೂಡಿ ಈ ರೋಗ ಹರಡುವ ಬಗೆಯ ಅಧ್ಯಯನವನ್ನು 1992ರಲ್ಲಿ ಪ್ರಕಟಿಸಿದರು. ಹೊಲದ ಮಟ್ಟಿಗೆ ಬಹುಪಾಲು ಇತ್ಯರ್ಥವಾಗಿತ್ತು. ನೊಣ ಚುಚ್ಚಿದ ಮೇಲೆ ಏನಾಗುತ್ತದೆ ಎನ್ನುವುದು ಮಾತ್ರ ಬೇರೆ ಪ್ರಯೋಗಾಲಯಗಳ ಕೆಲಸವಾಗಿತ್ತು.

ಕೋಶಕೇಂದ್ರಕ್ಕೆ ಆ ಹೆಸರು ಕೊಟ್ಟದ್ದು ರಾಬರ್ಟ್ ಬ್ರೌನ್, 1831ರಲ್ಲಿ, ಆರ್ಕಿಡ್ ಗಿಡಗಳ ಕೋಶ ನೋಡುತ್ತಾ. ಅದರ ಪೊರೆಯಲ್ಲಿ ರಂಧ್ರಗಳಿವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದು 1950ರಲ್ಲಿ. ಸಣ್ಣ ಅಣುಗಳು ಆ ರಂಧ್ರದಲ್ಲಿ ತಾವಾಗಿಯೇ ನುಸುಳುತ್ತವೆ. ದೊಡ್ಡ ಪ್ರೋಟೀನುಗಳಿಗೆ ಗುರುತು ಬೇಕು. 1984ರಲ್ಲಿ ಡೇನಿಯಲ್ ಕಾಲ್ಡೆರಾನ್, ಆಲನ್ ಸ್ಮಿತ್ ಮತ್ತು ಸಂಗಡಿಗರು ಮಂಗಗಳ ವೈರಸ್ಸೊಂದರ ಪ್ರೋಟೀನಿನಲ್ಲಿ ಆ ಗುರುತು ಹಿಡಿದರು. ಬರೀ ಏಳು ಅಮೈನೋ ಆಮ್ಲಗಳ ಸಾಲು, ಅದರಲ್ಲಿ ಐದು ಧನ ವಿದ್ಯುದಂಶದವು. ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲ್‌ಗೆ ಅಂಟಿಸಿದ ಚೀಟಿಯನ್ನು ಓದಿಯೇ ಸರಕನ್ನು ಸಾಗಿಸುವ ಹಾಗೆ, ಇಂಪೋರ್ಟಿನ್ ಆಲ್ಫಾ ಎಂಬ ಪ್ರೋಟೀನು ಈ ಸಾಲನ್ನು ಓದಿ ಹಿಡಿದುಕೊಳ್ಳುತ್ತದೆ. ಇಂಪೋರ್ಟಿನ್ ಬೀಟಾ ಅದನ್ನು ರಂಧ್ರದ ಮೂಲಕ ದಾಟಿಸುತ್ತದೆ. ಒಳಗೆ ಕಾದಿರುವ ರ್‍ಯಾನ್ ಎಂಬ ಪ್ರೋಟೀನು ಬೀಟಾಕ್ಕೆ ಅಂಟಿಕೊಂಡ ಕೂಡಲೇ ಹೊರೆ ಬಿಡುಗಡೆಯಾಗುತ್ತದೆ. ಪ್ರೋಟೀನುಗಳು ತಮ್ಮ ವಿಳಾಸವನ್ನು ತಾವೇ ಹೊತ್ತಿರುತ್ತವೆ ಎಂದು ತೋರಿಸಿದ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು.

ಗಿಡಗಳಲ್ಲೂ ಇದೇ ಪದ್ಧತಿ ನಡೆಯುತ್ತದೆಯೇ ಎಂದು ನೋಡಲು ವಿಜ್ಞಾನಿಗಳು ಕೈಗೆತ್ತಿಕೊಂಡ ಗಿಡ ಹೊಗೆಸೊಪ್ಪು. ಅಂಗಾಂಶದಿಂದ ಸುಲಭವಾಗಿ ಮರಳಿ ಬೆಳೆಯುವ, ಹೊರಗಿನ ಜೀನನ್ನು ತಕರಾರಿಲ್ಲದೆ ಒಪ್ಪಿಕೊಳ್ಳುವ ಗಿಡ ಅದು. 1990ರಲ್ಲಿ ಜೇಮ್ಸ್ ಕ್ಯಾರಿಂಗ್ಟನ್ ತಂಡ ತಂಬಾಕಿನದೇ ‘ಎಚ್’ (etch) ವೈರಸ್ಸಿನ ಪ್ರೋಟೀನು ಕೋಶಕೇಂದ್ರ ಸೇರುವುದನ್ನು ತೋರಿಸಿತು. 1992ರಲ್ಲಿ ವಿಟಾಲಿ ಸಿಟೋವ್‌ಸ್ಕಿ, ಪೆಟ್ರೀಷಿಯಾ ಝಾಂಬ್ರಿಸ್ಕಿ ಮತ್ತು ಸಹೋದ್ಯೋಗಿಗಳು, ಗಿಡದ ಬುಡದಲ್ಲಿ ಗಂಟು ಎಬ್ಬಿಸುವ ಅಗ್ರೋಬ್ಯಾಕ್ಟೀರಿಯಂನ ಪ್ರೋಟೀನೊಂದು ಅದೇ ಬಗೆಯ ಗುರುತು ಹೊತ್ತು ಒಳಹೊಕ್ಕುವುದನ್ನು ಕಂಡರು. 1998ರಲ್ಲಿ ಟೊಮೆಟೊ ಹಳದಿ ಎಲೆ ಮುರುಟು ವೈರಸ್ಸಿನ ಹೊರಕವಚದ ಪ್ರೋಟೀನಿನಲ್ಲೂ ಗುರುತು ಸಿಕ್ಕಿತು. ಅದು ಹೊಗೆಸೊಪ್ಪಿನ ರೋಗಕಾರಕಕ್ಕೆ ಹತ್ತಿರದ ಬಳಗದ್ದು. ಅದನ್ನೂ ಹರಡುವುದು ಬಿಳಿ ನೊಣವೇ.

ಇಲ್ಲಿ ಬೆಳೆಗಾರನ ಕಷ್ಟದ ಬೇರು ಕಾಣುತ್ತದೆ. ವೈರಸ್ ಬಳಸುವುದು ಗಿಡ ತನ್ನ ಪ್ರೋಟೀನುಗಳಿಗೆಂದು ಇಟ್ಟುಕೊಂಡ ಹಾದಿಯನ್ನೇ. ಅದನ್ನು ಮುಚ್ಚಿದರೆ ಗಿಡವೇ ಉಳಿಯದು. ಹೊಕ್ಕ ವೈರಸ್ಸನ್ನು ಕೊಲ್ಲುವ ಸಿಂಪಡಣೆ ಹೊಲಕ್ಕೆ ಇಲ್ಲ. ಆದ್ದರಿಂದ ಕಾವಲು ಹೊರಗೇ ನಡೆಯಬೇಕು: ಸಸಿಮಡಿಯ ಹತ್ತಿರ ನೊಣ ಸಾಕುವ ಬದನೆ, ಟೊಮೆಟೊ ಇಲ್ಲದಂತೆ ನೋಡಿಕೊಳ್ಳುವುದು, ಹಳದಿ ಅಂಟು ಫಲಕ ನೆಡುವುದು, ಮುರುಟಿದ ಗಿಡ ಕಂಡ ತಕ್ಷಣ ಕಿತ್ತು ಹೊರಗೆ ಹಾಕುವುದು. ಬಿಳಿ ನೊಣಕ್ಕೆ ಬಿಸಿಲಿನ ಒಣ ಹವೆ ಹಿತ, ಜಡಿಮಳೆ ಆಗಿಬರದು. ಸಸಿ ಬೆಳೆಸುವ ದಿನಗಳೋ ಬೇಸಿಗೆಯವೇ. ಎಳೆಯದರಲ್ಲೇ ಸೋಂಕು ತಗುಲಿದರೆ ಗಿಡ ಗಿಡ್ಡಾಗಿ ನಿಂತುಬಿಡುತ್ತದೆ. ಎತ್ತರಕ್ಕೆ ಬೆಳೆದ ಮೇಲೆ ತಗುಲಿದ ಗಿಡದಲ್ಲಿ ಕೆಳಗಿನ, ಮೊದಲೇ ಬಲಿತ ಎಲೆಗಳಾದರೂ ಬ್ಯಾರನ್ನಿಗೆ ಸಿಗುತ್ತವೆ.