ಸೇಂಟ್ ಮೇರೀಸ್ ದ್ವೀಪ: ಒಂದು ದಿನದ ದೋಣಿ ಪ್ರವಾಸ

ಉಡುಪಿ ಜಿಲ್ಲೆಯ ಮಲ್ಪೆ ಸಮೀಪದ ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳು ತಮ್ಮ ಸ್ತಂಭಾಕಾರದ ಶಿಲೆಗಳಿಗೆ ಪ್ರಸಿದ್ಧವಾಗಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸವು ತಣಿದು ಈ ಶಿಲೆಗಳು ರೂಪುಗೊಂಡವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಪಂಜ ಪರಿಸರದ ನಾಗರಿಕರು ಮಂಗಳೂರು, ಉಡುಪಿ ಮಾರ್ಗವಾಗಿ ಮಲ್ಪೆಯನ್ನು ತಲುಪಬಹುದು. ಮಳೆಗಾಲದಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿರುವುದರಿಂದ ದೋಣಿ ಸಂಚಾರವನ್ನು ಸ್ಥಗಿತಗೊಳಿಸಲಾಗುತ್ತದೆ. ಉಳಿದ ತಿಂಗಳುಗಳಲ್ಲೂ ಹವಾಮಾನ ವಿಚಾರಿಸಿ ಹೊರಡುವುದು ಸೂಕ್ತ. ದ್ವೀಪದಲ್ಲಿ ಜನವಸತಿಯಾಗಲಿ, ರಾತ್ರಿ ತಂಗುವ ಅವಕಾಶವಾಗಲಿ ಇರುವುದಿಲ್ಲ. ಆದುದರಿಂದ ಹಿಂದಿರುಗುವ ಕೊನೆಯ ದೋಣಿಯ ವೇಳೆಯನ್ನು ಮೊದಲೇ ತಿಳಿದುಕೊಳ್ಳತಕ್ಕದ್ದು.

ದೋಣಿಯಲ್ಲಿ ಜೀವರಕ್ಷಕ ಕವಚವನ್ನು ಕಡ್ಡಾಯವಾಗಿ ಧರಿಸತಕ್ಕದ್ದು. ಹೊಳೆಯಲ್ಲಿ ಈಜು ಬಲ್ಲವರಿಗೂ ಕಡಲಿನ ಸೆಳೆತ ಅಪಾಯಕಾರಿಯಾಗಿರುತ್ತದೆ. ಅಲೆ ಬಡಿಯುವ, ಪಾಚಿಗಟ್ಟಿದ ಬಂಡೆಗಳ ಮೇಲೆ ನಿಂತು ಛಾಯಾಚಿತ್ರ ತೆಗೆಯಬಾರದು. ಶಿಲೆಗಳಿಗೆ ಹಾನಿ ಮಾಡದೆ, ತ್ಯಾಜ್ಯವನ್ನು ಮರಳಿ ತರುವಂತೆ ಕೋರಲಾಗಿದೆ.